ಅವ್ವನ ನೀಲಿ ಪಂಪ್ ತಿಂಗಳಿಗೊಂದು ಖಾಲಿಯಾಗುತ್ತಿದೆ, ಇದು ಸರಿನಾ?

ಕಬ್ಬಿನಗದ್ದೆ_ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಮಂಡ್ಯದ ಹತ್ತಿರ. ಮನೆಯಿಂದ ಕೂಗಳತೆ ದೂರದಲ್ಲಿ ಎರಡು ಆಲೆಮನೆ ಇವೆ. ಅವ್ವನಿಗೆ 58 ವರ್ಷ, ಉಬ್ಬಸ ಶುರುವಾಗಿ ಹನ್ನೆರಡು ವರ್ಷ ಆಯಿತು. ಮೊದಲೆಲ್ಲಾ ಮಳೆ ಹಿಡಿದಾಗ, ಇಲ್ಲಾ ಭತ್ತ ಬಡಿಯುವಾಗ ಮಾತ್ರ ಬರುತ್ತಿತ್ತು. ಈಗ ಎರಡು ವರ್ಷದಿಂದ ಕಾಲ ಗೀಲ ಅಂತ ಇಲ್ಲ, ಯಾವಾಗ ಬೇಕಾದರೂ ಎದೆ ಹಿಡಿಯುತ್ತದೆ.

ಬಳಸುವುದು ಅಸ್ತಾಲಿನ್ ಪಂಪ್, ಆ ನೀಲಿದು. ಜೊತೆಗೆ ಡೆರಿಫಿಲಿನ್ ಮಾತ್ರೆ, ಬೆಳಗ್ಗೆ ಒಂದು ರಾತ್ರಿ ಒಂದು. ಡಾಕ್ಟರ್ ಚೀಟಿ ಎಂದೋ ಬರೆದದ್ದು, ಅದರ ಅಕ್ಷರವೂ ಅಳಿಸಿ ಹೋಗಿದೆ. ಮೆಡಿಕಲ್ ಸ್ಟೋರ್‌ನಲ್ಲಿ ಹಳೇ ಡಬ್ಬಿ ತೋರಿಸಿ ತರುತ್ತೇವೆ, ಅಷ್ಟೇ. ಮೊದಲು ಒಂದು ಪಂಪ್ ಮೂರು ನಾಲ್ಕು ತಿಂಗಳು ಬರುತ್ತಿತ್ತು. ಈಗ ತಿಂಗಳಿಗೊಂದು ಬೇಕು.

ಮೊನ್ನೆ ರಾತ್ರಿ ಮೂರು ಗಂಟೆಗೆ ಎಚ್ಚರ ಆಗಿ ನೋಡಿದರೆ ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ಎರಡೂ ಕೈ ಮಂಡಿ ಮೇಲೆ ಊರಿ ಮುಂದಕ್ಕೆ ಬಾಗಿ, ಹೆಗಲು ಎತ್ತಿ ಎತ್ತಿ ಉಸಿರು ತೆಗೆಯುತ್ತಿದ್ದಳು. ಪಂಪ್ ಬಾಯಿಗಿಟ್ಟು ಎರಡು ಸಲ ಒತ್ತಿದಳು, ಬಾಯಿಯ ಎರಡೂ ಪಕ್ಕದಿಂದ ಬೆಳ್ಳಗೆ ಹೊಗೆ ಥರ ಹೊರಗೆ ಬಂತು. ಮತ್ತೆ ಎರಡು ಸಲ ಒತ್ತಿದಳು. ಹತ್ತು ನಿಮಿಷಕ್ಕೆ ಸುಂಯ್ ಅನ್ನುವ ಸದ್ದು ಕಮ್ಮಿ ಆಯಿತು, ಆದರೆ ಕೈ ನಡುಗುವುದಕ್ಕೆ ಶುರುವಾಯಿತು. ನೀರಿನ ಲೋಟ ಹಿಡಿಯಲು ಆಗಲಿಲ್ಲ. ಎದೆ ಡವಡವ ಅಂತಿದೆ ಕಣಪ್ಪಾ ಅಂದಳು.

ಪಕ್ಕದ ಮನೆಯವರು ಪಂಪ್ ಅಭ್ಯಾಸ ಆಗಿಬಿಟ್ಟಿದೆ, ಬಿಡಿಸಿ, ಮಾತ್ರೆಯಲ್ಲೇ ಇರಿ ಅಂತಾರೆ. ನಮ್ಮ ದೊಡ್ಡಪ್ಪ ಇಂಜೆಕ್ಷನ್ ಹಾಕಿಸು, ಎರಡು ದಿನ ಆರಾಮಾಗಿರುತ್ತಾಳೆ ಅಂತಾರೆ. ನನಗೆ ಯಾವುದೂ ಸರಿ ಅನ್ನಿಸುತ್ತಿಲ್ಲ. ಈ ಪಂಪ್ ಒಳಗೆ ಏನು ಮಾಡುತ್ತದೆ? ಇಷ್ಟು ಜಾಸ್ತಿ ಬಳಸಿದರೆ ಏನಾಗುತ್ತದೆ? ಗೊತ್ತಿರುವವರು ದಯವಿಟ್ಟು ಹೇಳಿ.

ಸರಸ್ವತಿಪುರಂ_ಟೀಚರ್:

ತಮ್ಮ, ನಿಮ್ಮ ಬರಹ ಓದಿ ನನಗೆ ನನ್ನದೇ ರಾತ್ರಿಗಳು ನೆನಪಾದವು. ನಾನು ಮೈಸೂರಿನವಳು, ನನಗೂ ಉಬ್ಬಸ, ಹದಿನಾರು ವರ್ಷದಿಂದ. ಡಿಸೆಂಬರ್‌ನ ಮಂಜು, ಸೀಮೆಸುಣ್ಣದ ಧೂಳು, ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಮೂರೂ ಆಗುವುದಿಲ್ಲ.

ಮೊದಲು ಅಭ್ಯಾಸದ ಮಾತು. ಪಂಪ್ ಅಭ್ಯಾಸ ಆಗುವ ವಸ್ತು ಅಲ್ಲ. ಬೀಡಿ, ಸಾರಾಯಿ ಹಾಗೆ ಅಲ್ಲ ಅದು. ನಿಮ್ಮ ಅವ್ವ ಜಾಸ್ತಿ ಒತ್ತುತ್ತಿರುವುದು ಚಟಕ್ಕಲ್ಲ, ಉಸಿರು ಸಿಗುತ್ತಿಲ್ಲ ಅದಕ್ಕೆ. ದಯವಿಟ್ಟು ಯಾರ ಮಾತೋ ಕೇಳಿ ಪಂಪ್ ಕಿತ್ತು ಎತ್ತಿಡಬೇಡಿ. ನನ್ನ ಅತ್ತೆ ಮನೆಯಲ್ಲಿ ಒಮ್ಮೆ ಹಾಗೆ ಮಾಡಿದ್ದರು, ಒಳ್ಳೆಯದಕ್ಕೇ ಅಂತ. ಆ ರಾತ್ರಿ ನನ್ನನ್ನು ಆಟೋದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು.

ಇನ್ನೊಂದು. ಬಾಯಿ ಪಕ್ಕದಿಂದ ಬೆಳ್ಳಗೆ ಹೊಗೆ ಬಂತು ಅಂದಿರಲ್ಲ, ಅದೇ ಔಷಧಿ! ಒಳಗೆ ಹೋಗಬೇಕಾದದ್ದು ಹೊರಗೆ ಹೋಗಿದೆ. ಪಂಪ್ ಒತ್ತಿದ ಕ್ಷಣ ಔಷಧಿ ಜೋರಾಗಿ ಚಿಮ್ಮುತ್ತದೆ, ಅದೇ ಕ್ಷಣಕ್ಕೆ ನಿಧಾನವಾಗಿ ಉದ್ದಕ್ಕೆ ಉಸಿರು ಎಳೆಯಬೇಕು. ದಮ್ಮು ಕಟ್ಟಿದಾಗ ಅದು ಯಾರಿಗೆ ಸಾಧ್ಯ? ಅದಕ್ಕೇ ಸ್ಪೇಸರ್ ಅಂತ ಬರುತ್ತದೆ, ಪ್ಲಾಸ್ಟಿಕ್ ಕೊಳವೆ. ಪಂಪನ್ನು ಅದರ ಒಂದು ತುದಿಗೆ ಸಿಕ್ಕಿಸಿ ಒತ್ತುವುದು, ಇನ್ನೊಂದು ತುದಿಯಿಂದ ನಿಧಾನವಾಗಿ ಎಳೆದುಕೊಳ್ಳುವುದು. ಔಷಧಿ ಕೊಳವೆಯಲ್ಲೇ ನಿಂತಿರುತ್ತದೆ, ಅವಸರ ಇಲ್ಲ. ನನಗೆ ಸ್ಪೇಸರ್ ಸಿಕ್ಕ ಮೇಲೆ ನಾಲ್ಕು ಸಲ ಒತ್ತುವ ಕಡೆ ಎರಡು ಸಾಕಾಯಿತು.

ಇದನ್ನು ನನಗೆ ಯಾರೂ ಏಳು ವರ್ಷ ಹೇಳಿರಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ನಮ್ಮ ಮಾವನವರಿಗೆ ಪುಡಿ ತುಂಬಿದ ಕ್ಯಾಪ್ಸೂಲ್ ಬರೆದುಕೊಟ್ಟರು, ಅದನ್ನು ಯಂತ್ರದಲ್ಲಿ ಹಾಕಿ ತಿರುಗಿಸಿ ಎಳೆಯಬೇಕು ಅಂತ ತೋರಿಸಲೇ ಇಲ್ಲ. ಮಾವ ಹದಿನೈದು ದಿನ ನೀರಿನ ಜೊತೆ ನುಂಗಿದರು. ಔಷಧಿ ಬರೆಯುವುದರಷ್ಟೇ ಅದನ್ನು ಕೈಯಲ್ಲಿ ಹಿಡಿದು ತೋರಿಸುವುದೂ ಮುಖ್ಯ ಅಲ್ವಾ? ಈಗಲೂ ಆ ಹದಿನೈದು ದಿನ ನೆನೆದರೆ ಸಂಕಟ ಆಗುತ್ತದೆ.

ಮದ್ದೂರು_ಔಷಧಿಅಂಗಡಿ:

ನಾನು ಇಪ್ಪತ್ತು ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ, ಹಾಗಾಗಿ ಕೌಂಟರ್‌ನ ಈ ಕಡೆಯಿಂದ ಹೇಳುತ್ತೇನೆ. ನಿಮ್ಮ ಅವ್ವನಂಥವರು ವಾರಕ್ಕೆ ನಾಲ್ಕೈದು ಜನ ಬರುತ್ತಾರೆ. ಹಳೇ ಡಬ್ಬಿ ತೋರಿಸುತ್ತಾರೆ, ನೀಲಿದು ಕೊಡಿ ಅಂತಾರೆ. ಇನ್ನೊಂದು ಪಂಪ್ ಇರಬೇಕಲ್ಲ, ದಿನಾ ತಗೊಳ್ಳೋದು, ಎಲ್ಲಿ ಅಂದರೆ ಅದು ದುಬಾರಿ, ತಗೊಂಡ ತಕ್ಷಣ ಏನೂ ಗೊತ್ತಾಗಲ್ಲ, ಬಿಟ್ಟುಬಿಟ್ಟೆ ಅಂತಾರೆ. ಇದೇ ನನಗೆ ದೊಡ್ಡ ಚಿಂತೆ.

ಲೆಕ್ಕ ನೋಡಿ. ಒಂದು ಡಬ್ಬಿಯಲ್ಲಿ 200 ಸಲ ಒತ್ತುವಷ್ಟು ಇರುತ್ತದೆ. ತಿಂಗಳಿಗೊಂದು ಅಂದರೆ ದಿನಕ್ಕೆ ಆರೇಳು ಸಲ. ವರ್ಷಕ್ಕೆ ಹನ್ನೆರಡು ಡಬ್ಬಿ.

ಮಾತ್ರೆಗೆ ಬದಲಾಯಿಸುವ ಯೋಚನೆ ಬೇಡ. ಪಂಪ್‌ನಲ್ಲಿರುವುದು ಸಾಲ್ಬುಟಮಾಲ್, ಒಂದು ಸಲ ಒತ್ತಿದರೆ 100 ಮೈಕ್ರೋಗ್ರಾಂ. ಅದೇ ಔಷಧಿ ಮಾತ್ರೆಯಾಗಿ ಬಂದರೆ 2 ಅಥವಾ 4 ಮಿಲಿಗ್ರಾಂ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಅಂದರೆ 4 ಮಿಲಿಗ್ರಾಂನ ಒಂದು ಮಾತ್ರೆ ಪಂಪ್ ನಲವತ್ತು ಸಲ ಒತ್ತಿದಷ್ಟು. ಅದು ಹೊಟ್ಟೆಗೆ ಹೋಗಿ ರಕ್ತದಲ್ಲಿ ಬೆರೆತು ಇಡೀ ಮೈ ಸುತ್ತಿ ಆಮೇಲೆ ಶ್ವಾಸಕೋಶಕ್ಕೆ ಬರಬೇಕು. ಕೈ ನಡುಕ, ಎದೆ ಬಡಿತ ಎಲ್ಲಾ ಜಾಸ್ತಿ, ಉಪಯೋಗ ಕಮ್ಮಿ, ನಿಧಾನ ಬೇರೆ. ಪಂಪ್ ಬಡವರ ಮನೆಗೂ ಬೇಕಾದ ವಸ್ತು ಅಂತ ನಾನು ಹೇಳುವುದು ಇದಕ್ಕೇ.

ಡೆರಿಫಿಲಿನ್ ಬೇರೆ ಜಾತಿ. ಅದರಲ್ಲಿ ಎಟೋಫಿಲಿನ್, ಥಿಯೋಫಿಲಿನ್ ಇವೆ. ಟೀ ಕಾಫಿಯಲ್ಲಿರುವ ಕೆಫೀನ್‌ನ ದಾಯಾದಿ ಅಂದುಕೊಳ್ಳಿ. ಉಸಿರುನಾಳ ಸ್ವಲ್ಪ ಅಗಲ ಮಾಡುತ್ತದೆ ನಿಜ. ಆದರೆ ಕೆಲಸ ಮಾಡುವ ಪ್ರಮಾಣಕ್ಕೂ ತೊಂದರೆ ಕೊಡುವ ಪ್ರಮಾಣಕ್ಕೂ ನಡುವೆ ಜಾಗ ಬಹಳ ಕಿರಿದು. ರಕ್ತದಲ್ಲಿ ಜಾಸ್ತಿಯಾದರೆ ವಾಂತಿ, ಎದೆ ಬಡಿತ ತಪ್ಪುವುದು, ಫಿಟ್ಸ್ ಕೂಡ ಬರಬಹುದು. ಸಿಪ್ರೋಫ್ಲಾಕ್ಸಸಿನ್, ಎರಿಥ್ರೋಮೈಸಿನ್ ಥರದ ಆಂಟಿಬಯೋಟಿಕ್ ಜೊತೆಗೆ ಸೇರಿದರೆ ಇದರ ಮಟ್ಟ ಏರುತ್ತದೆ. ಕೆಮ್ಮು ಜ್ವರ ಬಂತು ಅಂತ ಯಾರೋ ಬರೆದುಕೊಟ್ಟ ಆಂಟಿಬಯೋಟಿಕ್ ತಗೊಳ್ಳುವಾಗ ಡೆರಿಫಿಲಿನ್ ನಡೀತಿದೆ ಅಂತ ಹೇಳಲೇಬೇಕು. ಹಾಗಂತ ನಾಳೆಯೇ ನೀವಾಗಿ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಕೂತು ನಿಲ್ಲಿಸಿ.

ಒಂದು ಮಾತು ಕೇಳಬೇಕು. ಅವ್ವನಿಗೆ ಬಿಪಿ ಮಾತ್ರೆ ಇದೆಯಾ? ಕಣ್ಣಿಗೆ ಡ್ರಾಪ್ಸ್? ಪ್ರೊಪ್ರನೊಲಾಲ್ ಅಂತ ಒಂದು ಮಾತ್ರೆ ಇದೆ, ತಲೆನೋವಿಗೆ, ಕೈ ನಡುಕಕ್ಕೆ, ಬಿಪಿಗೆ ಕೊಡುತ್ತಾರೆ. ಟಿಮೋಲಾಲ್ ಅಂತ ಗ್ಲಾಕೋಮಾ ಡ್ರಾಪ್ಸ್ ಇದೆ. ಇವೆರಡೂ ಉಬ್ಬಸದವರ ಉಸಿರುನಾಳ ಬಿಗಿಯುವಂತೆ ಮಾಡಬಲ್ಲವು, ಪಂಪ್ ಕೆಲಸಕ್ಕೆ ನೇರವಾಗಿ ಅಡ್ಡ ಬರುತ್ತವೆ. ಕಣ್ಣಿನ ಡ್ರಾಪ್ಸ್‌ಗೂ ಎದೆಗೂ ಏನು ಸಂಬಂಧ ಅನ್ನಿಸುತ್ತದೆ, ಆದರೆ ಸಂಬಂಧ ಇದೆ.

ಕಬ್ಬಿನಗದ್ದೆ_ಮಂಡ್ಯ:

ಅಕ್ಕ, ಅಣ್ಣ, ಇಬ್ಬರಿಗೂ ಕೈ ಮುಗಿಯುತ್ತೇನೆ. ಕಣ್ಣಿಗೆ ಏನೂ ಹಾಕುತ್ತಿಲ್ಲ. ಬಿಪಿ ಮಾತ್ರೆ ಇದೆ, ಹೆಸರು ಆಮ್ಲೋಡಿಪಿನ್.

ಮದ್ದೂರು_ಔಷಧಿಅಂಗಡಿ:

ಆಮ್ಲೋಡಿಪಿನ್ ಆದರೆ ಉಬ್ಬಸಕ್ಕೆ ತೊಂದರೆ ಇಲ್ಲ.

ಹಸಿರುಮನೆ_ಪಾಂಡವಪುರ:

ನಮ್ಮ ಕಡೆ ಆಡುಸೋಗೆ ಸೊಪ್ಪಿನ ಕಷಾಯ ಕೊಡುತ್ತೇವೆ, ಜೇನು ಹಾಕಿ. ನಮ್ಮಜ್ಜಿ ಅದರಲ್ಲೇ ಬದುಕಿದ್ದರು. ಇಷ್ಟೊಂದು ಇಂಗ್ಲಿಷ್ ಔಷಧಿ ಯಾಕೆ?

ಎದೆಡಾಕ್ಟರ್_ಮೈಸೂರು:

ಈ ಚರ್ಚೆ ನಿನ್ನೆಯಿಂದ ಓದುತ್ತಿದ್ದೇನೆ. ನಾನು ಮೈಸೂರಿನಲ್ಲಿ ಶ್ವಾಸಕೋಶದ ಡಾಕ್ಟರ್. ಇಲ್ಲಿ ಕೂತು ನೋಡದ ರೋಗಿಗೆ ಔಷಧಿ ಬರೆಯುವುದಿಲ್ಲ, ಆದರೆ ವಿಷಯ ಬಿಡಿಸಿ ಹೇಳಬಹುದು.

ಆಡುಸೋಗೆಯಿಂದಲೇ ಶುರು ಮಾಡೋಣ. ಆ ಸೊಪ್ಪು ಸುಳ್ಳಲ್ಲ. ಅದರಲ್ಲಿರುವ ವ್ಯಾಸಿಸಿನ್ ಅನ್ನುವ ಅಂಶದಿಂದಲೇ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು, ಈಗಿನ ಎಷ್ಟೋ ಕೆಮ್ಮಿನ ಸಿರಪ್‌ನಲ್ಲಿ ಅದು ಇರುತ್ತದೆ. ಕಫ ತೆಳ್ಳಗೆ ಮಾಡುತ್ತದೆ. ಆದರೆ ರಾತ್ರಿ ಮೂರು ಗಂಟೆಗೆ ಹೊಸ್ತಿಲ ಮೇಲೆ ಕೂತು ಉಸಿರಿಗೆ ಒದ್ದಾಡುವ ತಾಯಿಗೆ ಕಷಾಯ ಕಾಯಿಸುತ್ತಾ ಕೂರುವ ಹೊತ್ತಲ್ಲ ಅದು. ಬೇಕಿದ್ದರೆ ಕುಡಿಯಲಿ, ಪಂಪ್ ಬದಲಿಗೆ ಬೇಡ.

ಈಗ ಒಳಗೆ ಏನಾಗುತ್ತದೆ ಅಂತ ಕೇಳಿದಿರಲ್ಲ. ಉಬ್ಬಸದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಉಸಿರುನಾಳದ ಸುತ್ತ ಬಳೆಯ ಹಾಗೆ ಸ್ನಾಯು ಇದೆ, ಅದು ಬಿಗಿಯುತ್ತದೆ. ನಾಳದ ಒಳಗೋಡೆ ಊದಿಕೊಂಡು ಕಫ ಕಟ್ಟುತ್ತದೆ. ನೀಲಿ ಪಂಪ್ ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತದೆ, ಐದು ನಿಮಿಷದೊಳಗೆ, ನಾಲ್ಕರಿಂದ ಆರು ಗಂಟೆ. ಅಷ್ಟೇ ಅದರ ಕೆಲಸ. ಊತವನ್ನು ಅದು ಮುಟ್ಟುವುದೇ ಇಲ್ಲ. ಉಸಿರು ಸಿಕ್ಕಿತು ಅಂತ ಮನಸ್ಸು ಸಮಾಧಾನ ಆಗುತ್ತದೆ, ಒಳಗೆ ಊತ ದಿನೇ ದಿನೇ ಏರುತ್ತದೆ, ಒಂದು ದಿನ ಪಂಪ್ ಎಷ್ಟು ಒತ್ತಿದರೂ ನಾಳ ತೆರೆಯುವುದಿಲ್ಲ. ನಾನು ಹೆದರುವುದು ಆ ದಿನಕ್ಕೆ. ನೀಲಿ ಪಂಪ್ ಕೆಟ್ಟದ್ದು ಅಂತ ಅಲ್ಲ. ಅದು ಕೊಡುವ ನೆಮ್ಮದಿ ಎಷ್ಟು ಬೇಗ ಬರುತ್ತದೆ ಅಂದರೆ, ರೋಗಿ ಬೇರೆ ಔಷಧಿ ಬೇಕು ಅನ್ನುವುದನ್ನೇ ಮರೆಯುತ್ತಾರೆ.

ಊತ ಇಳಿಸುವುದು ಸ್ಟೀರಾಯ್ಡ್ ಇರುವ ಪಂಪ್. ಬುಡೆಸೊನೈಡ್ ಥರದ್ದು. ಹೆಸರು ಕೇಳಿದರೆ ಎಲ್ಲರೂ ಬೆಚ್ಚುತ್ತಾರೆ. ಒಂದು ಸಲ ಒತ್ತಿದರೆ ಸಾಮಾನ್ಯವಾಗಿ 100, 200 ಮೈಕ್ರೋಗ್ರಾಂ. ದಮ್ಮು ಜೋರಾದಾಗ ನಾವು ಮಾತ್ರೆಯಲ್ಲಿ ಕೊಡುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ. ಎಲ್ಲಿಂದೆಲ್ಲಿಗೆ ನೋಡಿ. ಪಂಪ್ ಸ್ಟೀರಾಯ್ಡ್ ಬಿಟ್ಟು ಪದೇ ಪದೇ ಇಂಜೆಕ್ಷನ್ ಹಾಕಿಸಿಕೊಳ್ಳುವವರ ಮೈಗೇ ಜಾಸ್ತಿ ಸ್ಟೀರಾಯ್ಡ್ ಸೇರುತ್ತದೆ. ನಿಮ್ಮ ದೊಡ್ಡಪ್ಪ ಹೇಳುವ ಎರಡು ದಿನದ ಆರಾಮು ಹಾಗೆಯೇ ಬರುವುದು ಬಹಳ ಸಲ. ಸ್ಟೀರಾಯ್ಡ್ ಪಂಪ್ ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬೆಳ್ಳಗೆ ಅಗ್ರ ಬರುತ್ತದೆ.

ಇದು ಇವತ್ತಿನ ಪಾಠ ಅಲ್ಲ. 1956ರಲ್ಲಿ ಅಮೆರಿಕದಲ್ಲಿ ಮೊದಲ ಒತ್ತುವ ಪಂಪ್ ಬಂತು. ಔಷಧಿ ಕಂಪನಿಯ ಮುಖ್ಯಸ್ಥರೊಬ್ಬರ ಹದಿಹರೆಯದ ಮಗಳಿಗೆ ಉಬ್ಬಸ ಇತ್ತು, ರಬ್ಬರ್ ಬುರುಡೆ ಹಿಚುಕುವ ಗಾಜಿನ ಸಾಧನದಿಂದ ಬೇಸತ್ತು, ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ಯಾಕೆ ಮಾಡಬಾರದು ಅಂತ ಅಪ್ಪನನ್ನು ಕೇಳಿದಳಂತೆ. ಅಲ್ಲಿಂದ ಶುರು. ಆದರೆ 1960ರ ದಶಕದಲ್ಲಿ ಇಂಗ್ಲೆಂಡ್‌ನಲ್ಲಿ ಐಸೋಪ್ರಿನಲಿನ್‌ನ ಜೋರು ಪ್ರಮಾಣದ ಪಂಪ್‌ಗಳು ಬಂದಾಗ ಉಬ್ಬಸದ ಸಾವು ಏರಿತು. ಆ ಔಷಧಿ ಶ್ವಾಸಕೋಶದಷ್ಟೇ ಹೃದಯವನ್ನೂ ಬಡಿದೆಬ್ಬಿಸುತ್ತಿತ್ತು. 1969ರಲ್ಲಿ ಬಂದ ಸಾಲ್ಬುಟಮಾಲ್ ಶ್ವಾಸಕೋಶದ ಮೇಲೇ ಹೆಚ್ಚು ಕೆಲಸ ಮಾಡುತ್ತದೆ, ಅದಕ್ಕೇ ಇಷ್ಟು ವರ್ಷ ಉಳಿದಿದೆ. ಆದರೂ ಜಾಸ್ತಿ ಆದಾಗ ಕೈ ನಡುಗಿಸುತ್ತದೆ, ಎದೆ ಬಡಿತ ಏರಿಸುತ್ತದೆ, ರಕ್ತದ ಪೊಟ್ಯಾಷಿಯಂ ಇಳಿಸುತ್ತದೆ. ನಿಮ್ಮ ತಾಯಿಗೆ ಆದದ್ದು ಅದೇ. ಜೊತೆಗೆ ಡೆರಿಫಿಲಿನ್ ಬೇರೆ ಇದೆ, ಅದೂ ಅದನ್ನೇ ಮಾಡುತ್ತದೆ.

ಲೋಕದ ಉಬ್ಬಸ ತಜ್ಞರ ಕೂಟ ಗಿನಾ 2019ರಲ್ಲಿ ದೊಡ್ಡವರಿಗೆ ನೀಲಿ ಪಂಪ್ ಒಂದೇ ಕೊಟ್ಟು ಸುಮ್ನಿರಬೇಡಿ, ಸ್ಟೀರಾಯ್ಡ್ ಪಂಪ್ ಜೊತೆಗಿರಲೇಬೇಕು ಅಂತ ಹೇಳಿತು. ವರ್ಷಕ್ಕೆ ಮೂರು ಡಬ್ಬಿ ಅಥವಾ ಅದಕ್ಕಿಂತ ಜಾಸ್ತಿ ಖರ್ಚಾದರೆ ದಮ್ಮು ಜೋರಾಗಿ ಆಸ್ಪತ್ರೆ ಸೇರುವ ಅಪಾಯ ಏರುತ್ತದೆ, ಹನ್ನೆರಡು ಮುಟ್ಟಿದರೆ ಜೀವಕ್ಕೇ ಅಪಾಯ ಜಾಸ್ತಿ. ಮದ್ದೂರಿನವರು ಹಾಕಿದ ಲೆಕ್ಕ ಇನ್ನೊಮ್ಮೆ ಓದಿ. ಈ ವಾರವೇ ಕರೆದುಕೊಂಡು ಹೋಗಿ.

ಡಾಕ್ಟರ್ ಬಹುಶಃ ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್ ಸೇರಿದ ಪಂಪ್ ಬಗ್ಗೆ ಮಾತಾಡುತ್ತಾರೆ, ಫೋರಾಕಾರ್ಟ್ ಥರದ್ದು. ಫಾರ್ಮೊಟೆರಾಲ್ ಕೂಡ ಉಸಿರುನಾಳ ಅಗಲ ಮಾಡುವುದೇ, ಸಾಲ್ಬುಟಮಾಲ್‌ನಷ್ಟೇ ಬೇಗ ಶುರು, ಆದರೆ ಹನ್ನೆರಡು ಗಂಟೆ ನಿಲ್ಲುತ್ತದೆ. ಹಾಗಾಗಿ ಕೆಲವರಿಗೆ ದಿನಾ ತಗೊಳ್ಳುವುದಕ್ಕೂ ದಮ್ಮು ಬಂದಾಗ ಒತ್ತುವುದಕ್ಕೂ ಅದೇ ಒಂದು ಪಂಪ್ ಕೊಡುತ್ತಾರೆ. ಸಾಲ್ಮೆಟೆರಾಲ್ ಇರುವ ಪಂಪ್ ಹಾಗಲ್ಲ, ಅದು ನಿಧಾನಕ್ಕೆ ಶುರುವಾಗುತ್ತದೆ, ತುರ್ತಿಗೆ ಆಗುವುದಿಲ್ಲ. ಯಾವುದಕ್ಕೆ ಯಾವುದು ಅಂತ ಡಬ್ಬಿ ಮೇಲೆ ಪೆನ್ನಲ್ಲಿ ಬರೆಸಿಕೊಂಡು ಬನ್ನಿ.

ಅಲ್ಲಿಯ ತನಕ ರಾತ್ರಿ ಮತ್ತೆ ಹಾಗಾದರೆ ಹೀಗೆ ಮಾಡಿ. ಮಲಗಿಸಬೇಡಿ, ಕೂರಿಸಿ. ಸ್ಪೇಸರ್‌ಗೆ ನೀಲಿ ಪಂಪ್ ಸಿಕ್ಕಿಸಿ ಒಂದು ಸಲ ಒತ್ತಿ, ನಾಲ್ಕು ಉಸಿರು ಎಳೆಯಲಿ. ಮತ್ತೆ ಒಂದು, ಮತ್ತೆ ನಾಲ್ಕು ಉಸಿರು. ಹೀಗೆ ನಾಲ್ಕು ಸಲ. ನಾಲ್ಕು ನಿಮಿಷ ಕಾಯಿರಿ. ಇಳಿಯಲಿಲ್ಲ ಅಂದರೆ ಇನ್ನೂ ನಾಲ್ಕು, ಜೊತೆಗೇ 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ಹೀಗೇ ಮುಂದುವರಿಸಿ. ಒಂದು ಪೂರ್ತಿ ಮಾತು ಉಸಿರೆಳೆಯದೆ ಆಡಲು ಆಗುತ್ತಿಲ್ಲ, ತುಟಿ ಉಗುರು ನೀಲಿ ತಿರುಗಿವೆ, ಮಂಕಾಗುತ್ತಿದ್ದಾರೆ ಅಂದರೆ ಕಾಯಲೇಬೇಡಿ, ಮೊದಲೇ ಫೋನ್ ಮಾಡಿ. ಇನ್ನೊಂದು ಮುಖ್ಯ. ಸುಂಯ್ ಸದ್ದು ನಿಂತುಹೋಗಿ ಉಸಿರಾಟ ಮಾತ್ರ ಕಷ್ಟವಾಗಿಯೇ ಇದ್ದರೆ ಅದು ಗುಣ ಆದದ್ದಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಅಂತ.

ನಾಗಮಂಗಲ_ಅಮ್ಮು:

ಸರ್, ನನಗೆ ಈಗ ಐದು ತಿಂಗಳು. ಪಂಪ್ ಮಗುವಿಗೆ ಆಗಲ್ಲ ಅಂತ ಮನೆಯಲ್ಲಿ ನಿಲ್ಲಿಸಿದ್ದಾರೆ. ಸರಿನಾ?

ಎದೆಡಾಕ್ಟರ್_ಮೈಸೂರು:

ತಾಯಿ, ಇವತ್ತೇ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ. ಬಸುರಿಯರಿಗೆ ಉಬ್ಬಸದ ಪಂಪ್ ನಿಲ್ಲಿಸುವುದಿಲ್ಲ, ಸಾಲ್ಬುಟಮಾಲ್, ಬುಡೆಸೊನೈಡ್ ಎರಡನ್ನೂ ವರ್ಷಗಳಿಂದ ಕೊಡುತ್ತಾ ಬಂದಿದ್ದೇವೆ. ನಿಮಗೆ ಉಸಿರು ಸಾಲದಿದ್ದರೆ ಮಗುವಿಗೂ ಸಾಲದು. ಮನೆಯವರಿಗೆ ಈ ಮಾತು ಓದಿ ಹೇಳಿ.

ಕಬ್ಬಿನಗದ್ದೆ_ಮಂಡ್ಯ:

ಎಲ್ಲರಿಗೂ, ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅವ್ವನನ್ನು ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಒಂದು ಕೊಳವೆಯಲ್ಲಿ ಜೋರಾಗಿ ಊದಿಸಿದರು. ಆಮೇಲೆ ಸ್ಪೇಸರ್‌ನಲ್ಲಿ ನಾಲ್ಕು ಸಲ ನೀಲಿ ಪಂಪ್ ಕೊಟ್ಟು, ಹದಿನೈದು ನಿಮಿಷ ಕೂರಿಸಿ ಮತ್ತೆ ಊದಿಸಿದರು. ಮೊದಲನೇ ಸಲ ಒಂದು ಸೆಕೆಂಡಿಗೆ 1.1 ಲೀಟರ್ ಬಂದಿತ್ತು, ಎರಡನೇ ಸಲ 1.4. ಇಷ್ಟು ಏರಿತು ಅಂದರೆ ಉಬ್ಬಸವೇ, ನಾಳ ಇನ್ನೂ ತೆರೆಯುತ್ತದೆ, ಒಳ್ಳೆಯದು ಅಂದರು ಡಾಕ್ಟರ್. ನನಗೆ ಅಲ್ಲೇ ಕಣ್ಣು ತುಂಬಿತು.

ಡೆರಿಫಿಲಿನ್ ನಿಲ್ಲಿಸಿದರು. ಬುಡೆಸೊನೈಡ್ ಫಾರ್ಮೊಟೆರಾಲ್ ಸೇರಿದ ಪಂಪ್, ಬೆಳಗ್ಗೆ ಎರಡು ರಾತ್ರಿ ಎರಡು. ಜನೌಷಧಿ ಕೇಂದ್ರದಲ್ಲಿ ಕೇಳಿದೆ, ಅಲ್ಲಿ ಕಮ್ಮಿ ಬೆಲೆಗೆ ಸಿಕ್ಕಿತು. ನರ್ಸ್ ಒಬ್ಬರು ಅವ್ವನ ಕೈಯಲ್ಲೇ ಮೂರು ಸಲ ಮಾಡಿಸಿ ನೋಡಿದರು. ಮೊದಲ ನಾಲ್ಕು ದಿನ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ಅವ್ವ ಇದು ಕೆಲಸ ಮಾಡಲ್ಲ ಕಣೋ ಅಂತ ಶುರು ಮಾಡಿದ್ದಳು. ನೀವೆಲ್ಲಾ ಬರೆದದ್ದನ್ನು ಓದಿ ಹೇಳಿದೆ, ಮುಂದುವರಿಸಿದಳು. ಈಗ ಐದು ರಾತ್ರಿಯಿಂದ ನಡುವೆ ಎದ್ದಿಲ್ಲ. ನೀಲಿ ಪಂಪ್ ಈ ವಾರ ಒಂದೇ ಸಲ ಬೇಕಾಯಿತು, ಅದೂ ಆಲೆಮನೆ ಹೊಗೆ ನಮ್ಮ ಕಡೆ ತಿರುಗಿದಾಗ. ಗಾಳಿ ಈ ಕಡೆ ಬೀಸುವ ದಿನ ಅವ್ವನನ್ನು ಅಕ್ಕನ ಮನೆಗೆ ಬಿಟ್ಟು ಬರೋಣ ಅಂತಿದ್ದೇನೆ.

ಒಂದು ಕೇಳುವುದಿತ್ತು. ಸ್ಪೇಸರ್ ಒಳಗೆ ಬೆಳ್ಳಗೆ ಪುಡಿ ಕೂತಿದೆ. ತೊಳೆದು ಬಟ್ಟೆಯಲ್ಲಿ ಒರೆಸಬಹುದಾ?

ಸರಸ್ವತಿಪುರಂ_ಟೀಚರ್:

ಐದು ರಾತ್ರಿ ಅಂತ ಓದಿ ಎಷ್ಟು ಖುಷಿ ಆಯಿತು ಗೊತ್ತಾ ತಮ್ಮ! ಒರೆಸಬೇಡಿ. ಬಟ್ಟೆ ಉಜ್ಜಿದರೆ ಪ್ಲಾಸ್ಟಿಕ್‌ಗೆ ಕರೆಂಟ್ ಹಿಡಿದ ಹಾಗಾಗುತ್ತದೆ, ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಹಾಗೆ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಎರಡು ಹನಿ ಹಾಕಿ ಅದ್ದಿ, ಅಲ್ಲಾಡಿಸಿ ತೆಗೆದು, ನೆರಳಲ್ಲಿ ನಿಲ್ಲಿಸಿ ಒಣಗಲು ಬಿಡಿ. ನಾನು ಭಾನುವಾರ ರಾತ್ರಿ ತೊಳೆದು ಅಡುಗೆಮನೆ ಕಿಟಕಿಯಲ್ಲಿ ಇಡುತ್ತೇನೆ, ಬೆಳಗ್ಗೆ ಒಣಗಿರುತ್ತದೆ.